ಗೆಜ್ಜೆಗೆ ಬಾಗದ ಹುಳ

ವಿಶಾಖೆ ಮಳೆ ಹೆಸರಿಗೆ ನಾಲ್ಕು ಹನಿ ಉದುರಿಸಿ ಹೊರಟುಹೋದ ಮೇಲೆ ಬಿಳಿಗಲ್ಲು ಕಾವಲಿನ ಕರಡದ ಹುಲ್ಲು ಹಸಿರು ಬಿಟ್ಟು ಜೇನಿನ ಬಣ್ಣಕ್ಕೆ ತಿರುಗಿತ್ತು. ಎರೆಗುಂಟೆಯ ಮಂದಿ ಹೊತ್ತು ಮೂಡುವ ಮುಂಚೆಯೇ ಕುಡುಗೋಲು ಹಿಡಿದು ಸಾಲಾಗಿ ಇಳಿದಿದ್ದರು. ಇಬ್ಬನಿ ಆರುವ ಮುನ್ನ ಕೊಯ್ದರೆ ಹುಲ್ಲು ಮುರಿಯುವುದಿಲ್ಲ. ಬಿಸಿಲೇರಿದ ಮೇಲೆ ಕೈಹಾಕಿದರೆ ಪುಡಿಯಾಗಿ ಅರ್ಧ ನೆಲದ ಪಾಲು. ಕೊಯ್ಯುವವರು ಮುಂದೆ, ಸಿವುಡು ಕಟ್ಟುವವರು ಹಿಂದೆ, ಅವರ ಹಿಂದೆ ಗಾಡಿಗಳು.

ಗಾಡಿ ಅಂದರೆ ಎತ್ತಿನ ಗಾಡಿಯೇ. ಊರಲ್ಲಿ ಮೂರು ಬ್ಯಾಟರಿ ಟೆಂಪೋಗಳಿದ್ದವು. ಮನೆಮನೆಯ ಹುಲ್ಲನ್ನು ಅವೇ ಹೊರುತ್ತಿದ್ದವು. ಆದರೆ ಅಂದು ಹೋಗಬೇಕಾದದ್ದು ಬಂಡೆಹಟ್ಟಿಗೆ ತೀರಿಸಬೇಕಾದ ಮುಯ್ಯಿಯ ಹುಲ್ಲು. ಮುಯ್ಯಿಯ ಹುಲ್ಲನ್ನು ಟೆಂಪೋಗೆ ತುಂಬಿ ಕಳಿಸುವುದೆಂದರೆ ಬೀಗರಿಗೆ ಊಟವನ್ನು ಪೊಟ್ಟಣ ಕಟ್ಟಿ ಕಳಿಸಿದಂತೆ.

ಪಾಲಯ್ಯ ದಿಣ್ಣೆಯ ಮೇಲೆ ನಿಂತು ನೋಡುತ್ತಿದ್ದ. ಊರಿಗೆ ಅವನು ಹುಲ್ಲಿನ ಯಜಮಾನ. ಯಾವ ಮೂಲೆ ಕೊಯ್ಲಿಗೆ, ಯಾವ ಮೂಲೆ ಮೇವಿಗೆ, ಯಾರ ದನಕ್ಕೆ ಎಷ್ಟು ಎಂದು ಹೇಳುವ ಕೆಲಸ ಅಪ್ಪನಿಂದ ಅವನಿಗೆ ಬಂದಿತ್ತು. ಐದಾರು ವರ್ಷದ ಹಿಂದೆ ಈ ಕಾವಲಿಗೆ ಬೆಂಕಿ ಬಿದ್ದು ಒಂದು ಗರಿಯೂ ಉಳಿಯದೆ ಹೋದಾಗ, ಕೇಳುವ ಮೊದಲೇ ಬಂಡೆಹಟ್ಟಿಯಿಂದ ಹುಲ್ಲಿನ ಗಾಡಿಗಳು ಬಂದಿದ್ದವು. ಮೊದಲ ಗಾಡಿಯ ಮುಂದೆ ನಡೆದು ಬಂದವಳು ಅಲ್ಲಿಗೆ ಕೊಟ್ಟಿದ್ದ ಅವನ ಅಕ್ಕ ಬೋರಕ್ಕ. ಅಂದು ಅವಳು ಹೇಳಿದ್ದು ಒಂದೇ ಮಾತು: "ಅಳಬ್ಯಾಡ್ರಿ. ಹುಲ್ಲಿಗೆ ಹುಲ್ಲು ಮುಯ್ಯಿ. ನಿಮ್ಮದು ಬೆಳೆದಾಗ ಕೊಡ್ರಿ."

ಬೆಳೆಯುವುದಕ್ಕೆ ಇಷ್ಟು ವರ್ಷ ಹಿಡಿಯಿತು. ಸುಟ್ಟ ನೆಲದಲ್ಲಿ ಎಳೆ ಹುಲ್ಲು ಚಿಗುರಿದ್ದೇ ತಡ, ಕಡ್ಡಿಹುಳ ಅದಕ್ಕೆ ಮುತ್ತಿತು. ಕಡ್ಡಿಹುಳ ಅನ್ನುವುದು ಊರವರ ಹೆಸರು. ಬೆರಳ ತುದಿಯಷ್ಟು ಚಿಕ್ಕ ಪತಂಗ. ರೆಕ್ಕೆಯನ್ನು ಮೈಗೆ ಸುತ್ತಿಕೊಂಡು, ಮೂತಿ ಚೂಪು ಮಾಡಿ, ತಲೆಕೆಳಗಾಗಿ ಹುಲ್ಲಿಗೆ ಅಂಟಿ ಕೂತರೆ ಒಣ ಕಡ್ಡಿಯೇ ಸೈ. ಹೆಣ್ಣುಹುಳ ಹಾರುತ್ತಲೇ ಮೊಟ್ಟೆಯನ್ನು ಹುಲ್ಲಿನೊಳಗೆ ಎಳ್ಳು ಚೆಲ್ಲಿದಂತೆ ಚೆಲ್ಲಿಕೊಂಡು ಹೋಗುತ್ತದೆ. ಮರಿ ಹುಲ್ಲಿನ ಬುಡಕ್ಕಿಳಿದು ನೂಲಿನ ಕೊಳವೆ ನೇಯ್ದು, ಒಳಗೆ ಕೂತು ಬುಡ ಮೇಯುತ್ತದೆ. ಹಿಂದೆಲ್ಲ ಇದ್ದೂ ಇಲ್ಲದಂತಿದ್ದ ಹುಳ ಆಗ ಕಾವಲನ್ನು ಬೋಳು ಬೋಳು ಮಾಡಿತ್ತು. ಅದಕ್ಕೇ ಬಾವಲಿಕಂಬಗಳು ಬಂದದ್ದು.

ಸಂಶೋಧನಾ ಕೇಂದ್ರದ ನಫೀಸಾ ಮೇಡಂ ಕಾವಲಿನ ಉದ್ದಕ್ಕೂ ನೆಟ್ಟ ಆ ಕಂಬಗಳು ಕತ್ತಲಾದ ಮೇಲೆ ಬಾವಲಿಯ ಕೂಗು ಹಾಕುತ್ತಿದ್ದವು. ಮನುಷ್ಯರ ಕಿವಿಗೆ ಅದು ಕೇಳದು. ಹುಳಕ್ಕೆ ಕೇಳುತ್ತದೆ, ಅದರ ಕಿವಿ ಹೊಟ್ಟೆಯಲ್ಲಿದೆ. ಬೇಟೆಗೆ ಬಂದ ಬಾವಲಿಯೆಂದು ಹೆದರಿ ರೆಕ್ಕೆ ಮುಚ್ಚಿ ನೆಲಕ್ಕೆ ಬೀಳುತ್ತದೆ. ಗಂಡು ಹೆಣ್ಣು ಕೂಡುವುದಿಲ್ಲ, ಮೊಟ್ಟೆ ಚೆಲ್ಲುವುದಿಲ್ಲ. ಎರಡೇ ವರ್ಷದಲ್ಲಿ ಹುಲ್ಲು ಸೊಂಟದುದ್ದ ಬಂತು. ನಾಯಿಗಳು ಮಾತ್ರ ಕತ್ತಲಾದರೆ ಕಾವಲಿಗೆ ಕಾಲಿಡದಾದವು. ಪಾಲಯ್ಯನ ಕೆಂದ ನಾಯಿ ಗಡಿಕಲ್ಲಿನ ಹತ್ತಿರ ಬಾಲ ಮಡಚಿ ಕೂತು ಕುಂಯ್‌ಗುಡುತ್ತಿತ್ತು. ಹುಲ್ಲು ಬಂದ ಖುಷಿಯಲ್ಲಿ ನಾಯಿಯ ಮಾತು ಯಾರು ಕೇಳುತ್ತಾರೆ?

"ಯಜಮಾನಪ್ಪಾ!" ಕೆಳಗಿಂದ ಜುಂಜಣ್ಣ ಕೂಗಿದ. ಕೊಯ್ಲಿನ ಸಾಲಿಗೆ ಅವನೇ ಮುಂದಾಳು, ಬಾಯಿಗೂ ಮುಂದಾಳು. "ಗೇಣುದ್ದ ಕೂಳೆ ಬಿಡು ಅಂತೀಯಲ್ಲ, ಮುಯ್ಯಿ ಹುಲ್ಲಿಗೂ ಅದೇ ಲೆಕ್ಕನಾ?"

"ಮೇಡಮ್ಮ ಹೇಳ್ಯಾರೆ ಕಣೋ. ಬುಡದಾಗೆ ಮರಿ ಇರ್ತಾವಂತೆ. ಅದೇನೋ ಅನುಮಾನ ಐತೆ, ಪರೀಕ್ಷೆ ಮುಗಿಯೋಗಂಟ ಬುಡ ಕೀಳಬ್ಯಾಡ್ರಿ ಅಂದ್ರು."

"ಮೇಡಮ್ಮ ಹುಳ ಸಾಕ್ತಾರೆ, ಬೀಗ್ರನ್ನ ಸಾಕ್ತಾರಾ?" ಜುಂಜಣ್ಣ ನಕ್ಕ, ಸಾಲಿಗೆ ಸಾಲೇ ನಕ್ಕಿತು. "ತುದಿ ಕೊಯ್ದು ಕಳಿಸಿದ್ರೆ ಬಂಡೆಹಟ್ಟಿ ಹೆಂಗಸ್ರು ಪೊರಕೆ ಹಿಡ್ಕೊಂಡು ಊರಬಾಗ್ಲಾಗೆ ನಿಂತಿರ್ತಾರೆ. ಮುಂದೆ ನಿಮ್ಮಕ್ಕ."

ಪಾಲಯ್ಯನಿಗೆ ನಗು ಬರಲಿಲ್ಲ. ಮುಯ್ಯಿಯ ಹುಲ್ಲನ್ನು ನೆಲಕ್ಕೆ ಕುಡುಗೋಲು ತಾಗಿಸಿ, ಬುಡ ಸಮೇತ ಕೊಯ್ದು ಕೊಡಬೇಕು. ಕೂಳೆ ಬಿಟ್ಟು ಕೊಟ್ಟದ್ದು ದನ ಮೇದು ಬಿಟ್ಟ ಎಂಜಲಿಗೆ ಸಮ. ಬಂಡೆಹಟ್ಟಿಯವರು ಅಂದು ಕಳಿಸಿದ್ದ ಸಿವುಡುಗಳ ಬುಡದಲ್ಲಿ ಕೆಮ್ಮಣ್ಣು ಅಂಟಿದ್ದದ್ದು ಅವನಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು.

"ನಮ್ಮನೆ ಹುಲ್ಲು ಗೇಣು ಬಿಟ್ಟು ಕೊಯ್ರಿ," ಅಂದ ಕೊನೆಗೆ. "ಮುಯ್ಯೀದು ಬುಡ ಮಟ್ಟಕ್ಕೆ. ಕೊಡೋದನ್ನ ನೆಟ್ಟಗೆ ಕೊಡಾನ."

ಗಾಡಿಗಳು ತುಂಬಿದವು. ಎತ್ತಿನ ಕೊರಳಿಗೆ ಗೆಜ್ಜೆಸರ ಕಟ್ಟಿ, ಕೋಡಿಗೆ ಹೂ ಸುತ್ತಿ, ಕಾಯಿ ಒಡೆದು ಹೊರಡಿಸಿದರು. ಕಾವಲಿನ ದಾರಿಯಲ್ಲಿ ಗೆಜ್ಜೆ ಝಲ್ಲೆಂದವು. ಇಕ್ಕೆಲದ ಹುಲ್ಲಿನಿಂದ ಕಡ್ಡಿಹುಳಗಳು ಬೂದಿ ಎದ್ದಂತೆ ಎದ್ದವು.

ಎದ್ದವು, ಬೀಳಲಿಲ್ಲ.

ಪಾಲಯ್ಯ ಕಾಲು ಕಿತ್ತಿಡದೆ ನಿಂತ. ಚಿಕ್ಕಂದಿನಿಂದ ಅವನು ಕಂಡದ್ದೇ ಬೇರೆ. ಗಾಡಿ ಬಂದರೆ, ಗೆಜ್ಜೆ ಅಲುಗಿದರೆ, ಹಾರುತ್ತಿದ್ದ ಹುಳ ಕಲ್ಲಿನಂತೆ ಹುಲ್ಲೊಳಗೆ ಬೀಳುತ್ತಿತ್ತು. ಹುಳ ಎತ್ತಿಗೆ ಅಡ್ಡಬೀಳ್ತೈತೆ ಎಂದು ಅವನವ್ವ ಕೈ ಮುಗಿಯುತ್ತಿದ್ದಳು. ಮೊದಲ ವರ್ಷ ಇದನ್ನು ಹೇಳಿದಾಗ ನಫೀಸಾ ಮೇಡಂ ಕುಣಿದಾಡಿಬಿಟ್ಟಿದ್ದರು. ಗೆಜ್ಜೆಯ ಸದ್ದಿನಲ್ಲಿ ನಮಗೆ ಕೇಳದ ಚೂರೊಂದು ಬಾವಲಿಯ ಕೂಗಿನ ಹಾಗೇ ಇರುತ್ತದಂತೆ. ಈಗ ಹುಳಗಳು ಎತ್ತಿನ ಮೂತಿಯ ಮುಂದೆಯೇ ಸುತ್ತು ಹೊಡೆಯುತ್ತಿದ್ದವು. ಗಾಡಿಗಳು ತಿರುವಿನಲ್ಲಿ ಮರೆಯಾದವು. ಯಾರೋ ಹಾಡು ಎತ್ತಿದರು. ಪಾಲಯ್ಯ ಕಟ್ಟದೆ ಉಳಿದಿದ್ದ ಒಂದು ಜೊತೆ ಗೆಜ್ಜೆಸರವನ್ನು ಹೆಗಲ ಮೇಲೆ ಹಾಕಿಕೊಂಡು ಕೇಂದ್ರದ ಕಡೆ ನಡೆದ.

ಕೇಂದ್ರವೆಂದರೆ ಕಾವಲಿನ ಅಂಚಿನಲ್ಲಿ ತಗಡು ಹೊದಿಸಿದ ಎರಡು ಕೊಠಡಿ. ಒಂದರಲ್ಲಿ ಗೋಡೆ ತುಂಬ ಪರದೆಗಳು, ಕಂಬಗಳ ಕೂಗು ಅವುಗಳ ಮೇಲೆ ಹಸಿರು ಗೆರೆಯಾಗಿ ಓಡುತ್ತಿತ್ತು. ಇನ್ನೊಂದರಲ್ಲಿ ಸೊಳ್ಳೆಪರದೆ ಹೊಲಿದ ಪಂಜರಗಳು. ನಫೀಸಾ ಪಂಜರದ ಮುಂದೆ ಕೂತಿದ್ದರು. ದಾವಣಗೆರೆ ಕಡೆಯ ಹೆಂಗಸು. ಕಾವಲಿಗೆ ಬಂದಾಗ ಕಪ್ಪಿದ್ದ ತಲೆಗೂದಲು ಈಗ ಅಲ್ಲಲ್ಲಿ ಬೆಳ್ಳಗಾಗಿತ್ತು.

"ಮೇಡಮ್ಮಾ, ಹುಳ ಗೆಜ್ಜೆಗೆ ಬೀಳ್ತಿಲ್ಲ."

ಆಕೆ ತಿರುಗಲಿಲ್ಲ. "ಗೊತ್ತು ಪಾಲಯ್ಯ. ಈಗಷ್ಟೇ ನೋಡ್ತಿದ್ದೆ. ಅಲ್ಲಾಡಿಸಿ."

ಪಾಲಯ್ಯ ಸರ ಅಲ್ಲಾಡಿಸಿದ. ಪಂಜರದ ತುಂಬ ಹಾರುತ್ತಿದ್ದ ಹುಳಗಳಲ್ಲಿ ನಾಲ್ಕೈದು ಬಿದ್ದವು. ಉಳಿದವು ಹಾರುತ್ತಲೇ ಇದ್ದವು.

"ಕಂಬ ಕೆಟ್ಟಾವಾ?"

"ಕಂಬ ಚೆನ್ನಾಗೇ ಇದಾವೆ. ಇವು ಕಿವುಡು."

ಆಕೆ ಎದ್ದು ನೀರು ಕುಡಿದು ಮೆಲ್ಲಗೆ ಹೇಳಿದರು. "ಯಾವಾಗಲೂ ಸಾವಿರದಲ್ಲಿ ಒಂದು ಹುಳ ಕಿವುಡಾಗಿ ಹುಟ್ತಿತ್ತು. ಅದಕ್ಕೆ ಬಾವಲಿ ಬಂದದ್ದು ತಿಳೀತಿರಲಿಲ್ಲ. ಬಾವಲಿ ಅದನ್ನೇ ಮೊದಲು ತಿಂತಿತ್ತು. ನಮ್ಮ ಕಂಬದ ಗದ್ದಲಕ್ಕೆ ಬಾವಲಿಗಳು ಬೇಸತ್ತು ಕಾವಲು ಬಿಟ್ಟು ಹೋದ್ವು. ಕಿವಿ ಇದ್ದ ಹುಳ ಹೆದರಿ ಬಿದ್ದು ಮೊಟ್ಟೆ ಇಡದೆ ಸತ್ವು. ಕಿವುಡರಿಗೆ ಹೆದರಿಸೋ ಕೂಗೂ ಇಲ್ಲ, ತಿನ್ನೋ ಬಾಯೂ ಇಲ್ಲ. ವರ್ಷಕ್ಕೆ ಮೂರು ತಲೆಮಾರು ಅವವೇ ಹೆತ್ತುಕೊಂಡ್ವು. ಬಾವಲೀನ ಓಡಿಸಿ, ಬಾವಲಿ ದನೀನ ಸಾಕಿಕೊಂಡೆ ನಾನು. ನನ್ನದೇ ಕೆಲಸ ಇದು, ಪಾಲಯ್ಯ."

ಪರದೆಯೊಂದರಲ್ಲಿ ಕಾವಲಿನ ಚಿತ್ರವಿತ್ತು. ತೆಂಕಣ ಮೂಲೆಯಲ್ಲಿ ಬಿಳಿ ಮಚ್ಚೆಗಳು, ಗಜಕರ್ಣದ ಹಾಗೆ. ಕೊಯ್ಯುವಾಗ ಅವು ಕಾಣುವುದಿಲ್ಲ. ಮೇಲೆ ಹುಲ್ಲು ನಿಂತೇ ಇರುತ್ತದೆ, ಬುಡ ಟೊಳ್ಳು.

"ಕಂಬ ಇವತ್ತೇ ಆರಿಸ್ತೀನಿ," ಅಂದರು ನಫೀಸಾ. "ಬಾವಲಿ ವಾಪಸ್ ಬಂದ್ರೆ ಕಿವುಡರನ್ನ ಅವೇ ನೋಡ್ಕೊಳ್ತಾವೆ. ಬರೋಕೆ ವರ್ಷಗಳೇ ಬೇಕು. ಅಲ್ಲಿ ತನಕ ಕೂಳೆನ ದನ ಬಿಟ್ಟು ನೆಲ ಮಟ್ಟ ಮೇಯಿಸಿ, ತುಳಿಸಿ. ಒಂದು ಮರಿಯೂ ಈ ಕಾವಲು ದಾಟಬಾರದು. ಬುಡ ಇಲ್ಲೇ ಇದ್ರೆ ಮರಿ ಇಲ್ಲೇ ಇರುತ್ತೆ. ನೀವು ಗೇಣು ಬಿಟ್ಟೇ ಕೊಯ್ತಿದೀರಲ್ಲ?"

ಪಾಲಯ್ಯ ಹೆಗಲ ಮೇಲಿನ ಗೆಜ್ಜೆಸರವನ್ನು ಇಳಿಸಿ ಮೇಜಿನ ಮೇಲಿಟ್ಟ.

"ಬಂಡೆಹಟ್ಟಿಗೆ ಹೋದ ಗಾಡಿ ಬುಡ ಮಟ್ಟದ್ದು," ಅಂದ. "ಈ ವರ್ಷ ಅಲ್ಲೂ ಕಂಬ ನೆಟ್ಟೀರಿ. ಹಾಕಿಸ್ಕಳ್ರಿ, ಹುಲ್ಲು ಚೆಂದಾಗ್ತೈತೆ ಅಂತ ಅಕ್ಕನಿಗೆ ಹೇಳ್ದೋನು ನಾನೇ."

ಕಂಬ ಬಂದ ಮೇಲೆ ಬಂಡೆಹಟ್ಟಿಯಲ್ಲೂ ಬಾವಲಿಗಳಿಲ್ಲ. ಇಲ್ಲಿಂದ ಹೋದ ಕಿವುಡು ಹುಳಕ್ಕೆ ಅಲ್ಲಿ ಹಾಸಿ ಹೊದಿಸಿದ ಮನೆ. ಅದು ಇಬ್ಬರಿಗೂ ಹೇಳದೆ ತಿಳಿಯಿತು.

"ನಾನೂ ಬರ್ತೀನಿ," ಅಂದರು ಆಮೇಲೆ.

"ನೀವು ಬಂದ್ರೆ ಆಫೀಸಿನ ಮಾತಾಗ್ತೈತೆ. ಇದು ಮುಯ್ಯಿ ಮಾತು. ನಾನೇ ಹೋಗ್ಬೇಕು. ಒಂದು ಬಾಟ್ಲಿಗೆ ಹುಳ ಹಾಕಿಕೊಡ್ರಿ, ಸಾಕು." ಅವನು ಗೆಜ್ಜೆಸರವನ್ನು ಮತ್ತೆ ಹೆಗಲಿಗೇರಿಸಿದ.

ಮನೆಯಲ್ಲಿ ಗಾದ್ರಮ್ಮ ಮುದ್ದೆ ತಿರುವುತ್ತಿದ್ದಳು. ಗಂಡ ಹೇಳಿದ್ದನ್ನು ಕೋಲು ನಿಲ್ಲಿಸದೆ ಕೇಳಿದಳು.

"ಅಂದ್ರೆ, ಕೊಟ್ಟ ಹುಲ್ಲು ಸುಡ್ರಿ ಅಂತ ಹೇಳೋಕೆ ಹೊಂಟೀಯ."

"ಹೂಂ."

"ಕೊಡದೆ ಇದ್ರೆ ಒಂದು ಬೈಗುಳ. ಕೊಟ್ಟು ಸುಟ್ರೆ ಹೆಣಕ್ಕೆ ಕೊಟ್ಟಂಗೆ. ನಿಮ್ಮಕ್ಕನ ಬಾಯಿ ಗೊತ್ತಲ್ಲ ನಿನಗೆ?"

"ಸುಡದೆ ಇದ್ರೆ ಮೂರು ವರ್ಷಕ್ಕೆ ಅವರ ಕಾವಲೂ ಬೋಳು. ಆಗ ಯಾರು ಯಾರಿಗೆ ಕೊಡ್ತಾರೆ?"

ಗಾದ್ರಮ್ಮ ಮುದ್ದೆಯನ್ನು ತಟ್ಟೆಗೆ ಹಾಕಿ ಅವನ ಮುಂದೆ ತಳ್ಳಿದಳು. "ಉಣ್ಣು. ಹಸ್ಕೊಂಡು ಹೋದ್ರೆ ಬೈಸ್ಕೊಳ್ಳಕ್ಕೂ ತ್ರಾಣ ಇರಲ್ಲ." ಸಾರು ಬಡಿಸುತ್ತ ಸೇರಿಸಿದಳು: "ನೀನು ಒಳ್ಳೇದು ಮಾಡಕ್ಕೆ ಹೋದಾಗೆಲ್ಲ ನನಗೆ ಎದೆ ಹೊಡ್ಕಂತೈತೆ ನೋಡು. ಇವತ್ತು ಬೆಳಿಗ್ಗೆನೂ ಹೊಡ್ಕಂತು."

ಪಾಲಯ್ಯ ಬಂಡೆಹಟ್ಟಿ ತಲುಪಿದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಊರ ಕಣದಲ್ಲಿ ಹುಲ್ಲು ಆಗಲೇ ಬಣವೆಯಾಗಿ ಎದ್ದು ನಿಂತಿತ್ತು. ತುದಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಬುಡಕ್ಕೆ ಅರಿಸಿನ ಕುಂಕುಮ ಇಟ್ಟಿದ್ದರು. ಗಾಡಿ ಹೊಡೆದು ಬಂದ ಎರೆಗುಂಟೆಯ ಗಂಡಸರು ಜಗಲಿಯ ಮೇಲೆ ಪಾಯಸ ಉಂಡು ಎಲೆ ಅಡಿಕೆ ಹಾಕುತ್ತಿದ್ದರು.

"ಬಾರೋ ತಮ್ಮಾ!" ಬೋರಕ್ಕ ಸೆರಗಿಗೆ ಕೈ ಒರೆಸುತ್ತ ಬಂದಳು. ಅರವತ್ತು ದಾಟಿದ್ದರೂ ನೆಟ್ಟಗೆ ನಡೆಯುವ ಹೆಂಗಸು. "ನೋಡು, ಬುಡದ ಮಣ್ಣು ಹಂಗೇ ಐತೆ. ನಮ್ಮಪ್ಪನ ಮರ್ಯಾದೆ ಉಳಿಸ್ದೆ ಕಣೋ."

ಪಾಲಯ್ಯ ಕೂರಲಿಲ್ಲ, ಕೊಟ್ಟ ನೀರನ್ನೂ ಮುಟ್ಟಲಿಲ್ಲ. ನಿಂತೇ ಹೇಳಿದ. ಹುಳದ ಮಾತನ್ನೂ, ಬಣವೆ ಸುಡಬೇಕೆಂಬ ಮಾತನ್ನೂ.

ಬಂಡೆಹಟ್ಟಿಯ ಹುಲ್ಲಿನ ಯಜಮಾನ ಓಬಯ್ಯ ಎಲೆ ಉಗಿದು ಬಂದ. "ಅಲ್ಲಪ್ಪಾ, ಕಡ್ಡಿಹುಳ ನಮ್ಮಲ್ಲಿ ಇಲ್ವಾ? ನಮ್ಮಜ್ಜನ ಕಾಲದಿಂದ ಐತೆ. ಹುಳ ಐತೆ ಅಂತ ಹುಲ್ಲು ಸುಡೋದಾದ್ರೆ ಹೇನು ಐತೆ ಅಂತ ತಲೆ ಸುಡಬೇಕಾಗ್ತೈತೆ."

ಹಿಂದಿನಿಂದ ಯಾರೋ ಅಂದರು: "ಕೊಟ್ಟಿದ್ದಕ್ಕೆ ಹೊಟ್ಟೆ ಉರಿ ಬಂದೈತೆ ಬಿಡ್ರಿ, ಅದಕ್ಕೇ ಬೆಂಕಿ ಕೇಳ್ತಾನೆ."

ಜುಂಜಣ್ಣ ಜಗಲಿಯಿಂದ ಧುಮುಕಿದ. "ಯಾವನ್ಲಾ ಅದು?" ಪಾಲಯ್ಯ ಅವನ ರಟ್ಟೆ ಹಿಡಿದು ನಿಲ್ಲಿಸಿದ. ಬಣವೆಯಿಂದ ಒಂದು ಸಿವುಡು ಎಳೆದು, ಬುಡ ಸೀಳಿ ಅಂಗೈ ಮೇಲಿಟ್ಟು ತೋರಿಸಿದ. ಬಿಳಿ ನೂಲಿನ ಕೊಳವೆ, ಒಳಗೆ ಭತ್ತದ ಕಾಳಿನಷ್ಟು ಮರಿ. ಇನ್ನೊಂದು ಸೀಳಿದ, ಅದರಲ್ಲೂ ಇತ್ತು. ಮೂರನೆಯದರಲ್ಲೂ.

"ನಿಮ್ಮ ಹುಲ್ಲಾಗೆ ಇಷ್ಟು ಇರ್ತಾವಾ ಓಬಣ್ಣ?"

ಓಬಯ್ಯ ತಾನೂ ಒಂದು ಬುಡ ಸೀಳಿ ನೋಡಿದ.

"ಅಕ್ಕಾ, ಒಂದು ಖಾಲಿ ಬಾಟ್ಲಿ ತಾ. ನಿಮ್ಮ ಗೋಡೆ ಮ್ಯಾಲಿನ ಹುಳ ಹಿಡಿದು ಹಾಕು. ನೀನೇ ಹಿಡಿ."

ಮುಸ್ಸಂಜೆಯಾಗುತ್ತಿತ್ತು. ಬೋರಕ್ಕ ಅವನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ದೀಪ ಹಚ್ಚಿದ ಗೋಡೆಗೆ ತಲೆಕೆಳಗಾಗಿ ಕೂತ ಹುಳಗಳನ್ನು ಎರಡು ಬೆರಳಲ್ಲಿ ಚಿವುಟದೆ ಹಿಡಿದು ಉಪ್ಪಿನಕಾಯಿ ಬಾಟಲಿಗೆ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ತಂದಳು. ಪಾಲಯ್ಯ ತನ್ನ ಬಾಟಲಿಯನ್ನು ಅದರ ಪಕ್ಕಕ್ಕಿಟ್ಟ. ದೀಪವನ್ನು ನಡುವೆ ಇಟ್ಟರು. ಎರಡರಲ್ಲೂ ಹುಳಗಳು ಬೆಳಕಿಗೆ ರೆಕ್ಕೆ ಬಡಿಯತೊಡಗಿದವು. ನೋಡಲು ಒಂದೇ ಬಣ್ಣ, ಒಂದೇ ಮೂತಿ.

ಅವನು ಗೆಜ್ಜೆಸರ ಎತ್ತಿ ಅಲ್ಲಾಡಿಸಿದ.

ಬಂಡೆಹಟ್ಟಿಯ ಹುಳಗಳು ರೆಕ್ಕೆ ಮುಚ್ಚಿ ತಳಕ್ಕೆ ಬಿದ್ದವು. ಎರೆಗುಂಟೆಯವು ಹಾರುತ್ತಲೇ ಇದ್ದವು.

ಇನ್ನೊಮ್ಮೆ ಅಲ್ಲಾಡಿಸಿದ. ಹಾಗೇ ಆಯಿತು. ಮುದುಕಿಯೊಬ್ಬಳು "ಅಯ್ಯೋ ಶಿವನೇ, ಬಸವಣ್ಣನಿಗೇ ಬಾಗದ ಹುಳ" ಎಂದು ಎದೆಗೆ ಕೈ ಇಟ್ಟುಕೊಂಡಳು. ಓಬಯ್ಯ ಗೆಜ್ಜೆ ಇಸಿದುಕೊಂಡು ತಾನೇ ಅಲ್ಲಾಡಿಸಿ ನೋಡಿದ. ಆಮೇಲೆ ಸರವನ್ನು ಪಾಲಯ್ಯನ ಕೈಗೆ ಕೊಡದೆ ನೆಲದ ಮೇಲಿಟ್ಟ.

"ನಮ್ಮೂರಿಗೆ ಕಂಬ ಹಾಕಿಸ್ಕಳ್ರಿ ಅಂದೋನೂ ನೀನೇ," ಅಂದ.

"ನಾನೇ."

"ಈ ಹುಲ್ಲು ಬುಡ ಮಟ್ಟಕ್ಕೆ ಕೊಯ್ಸಿದೋನು?"

"ನಾನೇ. ಮೇಡಮ್ಮ ಬ್ಯಾಡ ಅಂದಿದ್ರು."

ಬೋರಕ್ಕ ಬಣವೆಯ ಹತ್ತಿರ ಹೋಗಿ ಬುಡದ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ತುದಿಯ ಬೇವಿನ ಸೊಪ್ಪನ್ನು ಕೋಲಿನಿಂದ ತೆಗೆಸಿದಳು. ದೇವರ ಗುರುತು ಇದ್ದದ್ದಕ್ಕೆ ಬೆಂಕಿ ಇಡಬಾರದು. ಆಮೇಲೆ ಒಲೆಯಿಂದ ಕೊಳ್ಳಿ ತಂದವಳೂ ಅವಳೇ.

"ಅಕ್ಕಾ, ನಾನು ಇಡ್ತೀನಿ," ಅಂದ ಪಾಲಯ್ಯ.

"ನೀನು ಮುಟ್ಟಬ್ಯಾಡ. ಕೊಟ್ಟೋನು ಸುಟ್ರೆ ಕೇಡು. ಇಸ್ಕೊಂಡೋಳು ಸುಟ್ರೆ ಬರೀ ನಷ್ಟ."

ಬೆಂಕಿ ಹತ್ತಿತು. ಅಷ್ಟು ವರ್ಷ ಕಾದ ಹುಲ್ಲು ಉರಿಯಲು ಎಷ್ಟು ಹೊತ್ತು? ಎತ್ತುಗಳು ಹಗ್ಗ ಜಗ್ಗಿದವು. ದನದ ಕೊಟ್ಟಿಗೆಯಲ್ಲಿ ಹಸುವೊಂದು ಹುಲ್ಲಿನ ವಾಸನೆಗೋ ಹೊಗೆಗೋ ಕೂಗಿಕೊಂಡಿತು. ಹಿಂದೊಮ್ಮೆ ತನ್ನ ಕಾವಲು ಉರಿದಾಗಲೂ ಪಾಲಯ್ಯ ಇದೇ ವಾಸನೆಯಲ್ಲಿ ನಿಂತಿದ್ದ. ಅಂದು ಅವನು ಅತ್ತಿದ್ದ. ಇಂದು ಅಳಲು ತನಗೆ ಹಕ್ಕಿಲ್ಲ ಅನಿಸಿತು.

"ಕೆಲಸಕ್ಕೆ ಬರ್ತೀವಿ," ಅಂದ, ಉರಿ ತಗ್ಗಿದ ಮೇಲೆ. "ನಿಮ್ಮ ಕೊಯ್ಲು ಈ ವರ್ಷ ನಾವು ಮಾಡಿಕೊಡ್ತೀವಿ."

"ಹುಲ್ಲಿಗೆ ಹುಲ್ಲು." ಬೋರಕ್ಕ ನೆಲದಿಂದ ಗೆಜ್ಜೆಸರ ಎತ್ತಿಕೊಂಡಳು. "ಇದು ಇಲ್ಲಿರ್ಲಿ. ಬರೋ ವರ್ಷ ಹುಳ ಏಳೋ ಕಾಲಕ್ಕೆ ಬಾ. ನಿನ್ನ ಮುಂದೆನೇ ಅಲ್ಲಾಡಿಸಿ ನೋಡಾನ. ನಮ್ಮ ಹುಳ ಬಾಗಿದ್ರೆ ಬದುಕಿದ್ವಿ."

ಎರೆಗುಂಟೆಯಲ್ಲಿ ಆ ವರ್ಷ ಕೂಳೆಯನ್ನು ದನಗಳು ನೆಲ ನೆಕ್ಕುವಷ್ಟು ಮೇದವು. ಕಾವಲು ನೆತ್ತಿ ಬೋಳಿಸಿದಂತಾಯಿತು. ಹೊರಗಿನ ಊರಿಗೆ ಒಂದು ಸಿವುಡೂ ಹೋಗಲಿಲ್ಲ. ಮೇವು ಸಾಲದೆ ಜುಂಜಣ್ಣ ಎರಡು ಜೊತೆ ಎತ್ತಿನಿಂದ ಒಂದಕ್ಕೆ ಇಳಿದ. ಬಾಯಿ ಮಾತ್ರ ಇಳಿಯಲಿಲ್ಲ. ಎರಡೂ ಊರಿನ ಕಂಬಗಳು ಮೂಕವಾಗಿ ನಿಂತವು. ನಫೀಸಾ ಅವುಗಳಲ್ಲಿ ಕೂಗುವ ಯಂತ್ರ ಬಿಚ್ಚಿ ಕೇಳುವ ಯಂತ್ರ ಕೂಡಿಸಿದರು. ಪರದೆಯ ಮುಂದೆ ಕೂತು ನಿಜವಾದ ಬಾವಲಿಯ ಒಂದು ಗೆರೆ ಮೂಡೀತೇ ಎಂದು ಕಾದರು. ಪಾಲಯ್ಯ ದಿನವೂ ಹೋಗಿ, "ಬಂತಾ?" ಎಂದು ಕೇಳುತ್ತಿದ್ದ. ಆಕೆ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಆದರೆ ಒಂದು ಮುಸ್ಸಂಜೆ ಕೆಂದ ನಾಯಿ ಗಡಿಕಲ್ಲು ದಾಟಿ ಅವನ ಹಿಂದೆ ಕಾವಲಿನೊಳಕ್ಕೆ ಬಂತು. ಅಂದು ಅವನು ಅದಕ್ಕೆ ತನ್ನ ಮುದ್ದೆಯಲ್ಲಿ ಅರ್ಧ ಹಾಕಿದ.

ಮರುವರ್ಷ ಹುಲ್ಲು ತೆನೆ ಬಿಡುವ ಹೊತ್ತಿಗೆ ಪಾಲಯ್ಯ ಖಾಲಿ ಗಾಡಿ ಹೂಡಿಕೊಂಡು ಬಂಡೆಹಟ್ಟಿಗೆ ಹೋದ. ಖಾಲಿ ಗಾಡಿ ಯಾಕೆಂದು ಗಾದ್ರಮ್ಮ ಕೇಳಲಿಲ್ಲ. ಗೆಜ್ಜೆಸರ ವಾಪಸು ಸಿಕ್ಕರೆ ಎತ್ತಿನ ಕೊರಳಿಗೆ ಕಟ್ಟಬೇಕಲ್ಲ.

ಕಣದಲ್ಲಿ, ಬಣವೆ ಉರಿದ ಕಪ್ಪು ಗುರುತಿನ ಪಕ್ಕ ದೀಪ ಇಟ್ಟಿದ್ದರು. ಊರೆಲ್ಲ ಸುತ್ತ ಕೂತಿತ್ತು. ಹುಳಗಳು ಬಂದವು, ಒಂದೊಂದಾಗಿ, ಆಮೇಲೆ ಗುಂಪಾಗಿ. ಬೋರಕ್ಕ ಸರ ಎತ್ತಿ ಅಲ್ಲಾಡಿಸಿದಳು.

ಹೊಟ್ಟು ತೂರಿದಂತೆ ಹುಳಗಳು ಬಿದ್ದವು. ಜನ ಹೋ ಎಂದರು. ಓಬಯ್ಯ ಪಾಲಯ್ಯನ ಬೆನ್ನಿಗೆ ಗುದ್ದಿದ.

ಬೋರಕ್ಕ ಮಾತ್ರ ದೀಪದಿಂದ ಕಣ್ಣು ಕೀಳಲಿಲ್ಲ. ಒಂದು ಹುಳ ಇನ್ನೂ ಸುತ್ತುತ್ತಿತ್ತು. ಮತ್ತೆ ಅಲ್ಲಾಡಿಸಿದಳು. ಅದು ಸುತ್ತುತ್ತಲೇ ಇತ್ತು.

"ಇದೇನು ತಮ್ಮಾ?"

"ಸಾವಿರಕ್ಕೆ ಒಂದು ಯಾವಾಗಲೂ ಇರ್ತೈತಂತೆ, ಅಕ್ಕಾ. ಮೊದಲಿಂದ್ಲೂ."

"ಇದು ಮೊದಲಿಂದ್ಲೂ ಇದ್ದದ್ದೋ, ನೀನು ತಂದದ್ದೋ?"

ಪಾಲಯ್ಯ ಬಹಳ ಹೊತ್ತು ನೋಡಿದ. ಒಂದೇ ಬಣ್ಣ, ಒಂದೇ ಮೂತಿ. "ತಿಳಿಯಲ್ಲ," ಅಂದ.

ಬೋರಕ್ಕ ಅಂಗೈ ಚಾಚುವಷ್ಟರಲ್ಲಿ ಹುಳ ದೀಪ ಬಿಟ್ಟು ಕತ್ತಲಿನ ಹುಲ್ಲಿನತ್ತ ಹೋಯಿತು. ಇಬ್ಬರೂ ತಲೆ ಎತ್ತಿ ಆಕಾಶ ನೋಡಿದರು. ಬಾವಲಿಯ ಸುಳಿವಿರಲಿಲ್ಲ.

ಅವಳು ಗೆಜ್ಜೆಸರವನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಬರೋ ವರ್ಷನೂ ಬಾ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಮುಯ್ಯಿ ಹಂಗೇ ಐತೆ."

ಪಾಲಯ್ಯ ಗಾಡಿ ಹೂಡಿದ. ಕೊರಳು ಬರಿದಾಗಿದ್ದ ಎತ್ತುಗಳು ಸದ್ದಿಲ್ಲದೆ ನಡೆದವು. ಇಕ್ಕೆಲದ ಹುಲ್ಲಿನಿಂದ ಹುಳಗಳೆದ್ದು ಅವನ ಕಂಬಳಿಯ ಮೇಲೆ, ತೋಳಿನ ಮೇಲೆ, ನೊಗದ ಮೇಲೆ ತಲೆಕೆಳಗಾಗಿ ಕೂತವು. ಅವು ಕೇಳುವ ಹುಳವೋ ಕೇಳದ ಹುಳವೋ ತಿಳಿಯಲು ಅವನ ಹತ್ತಿರ ಈಗ ಏನೂ ಇರಲಿಲ್ಲ. ಒಂದನ್ನೂ ಕೊಡವಿಕೊಳ್ಳದೆ ಗಾಡಿಯಿಂದ ಇಳಿದು, ಬಂಡೆಹಟ್ಟಿಯ ಗಡಿಕಲ್ಲು ದಾಟುವ ಮುಂಚೆ ನಿಂತು, ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಅವುಗಳ ಹುಲ್ಲಿಗೇ ಬಿಟ್ಟ. ಕೊನೆಯದನ್ನು ಬಿಟ್ಟ ಮೇಲೆ ಕಂಬಳಿ ಕೊಡವಿ, ಗಡಿ ದಾಟಿದ.